ಮಣ್ಣಿನ ಋಣವನ್ನು ಲೆಕ್ಕವಿಟ್ಟ ಮಹನೀಯ: ಯೂಸ್ಟುಸ್ ಲೀಬಿಗ್

ದೇವಋಣ, ಋಷಿಋಣ, ಪಿತೃಋಣವೆಂದು ಮನುಷ್ಯನು ತೀರಿಸಬೇಕಾದ ಮೂರು ಋಣಗಳನ್ನು ನಮ್ಮ ಪೂರ್ವಿಕರು ಹೇಳಿದ್ದಾರೆ. ಇವುಗಳ ಜೊತೆಗೆ ನಾವು ದಿನದಿನವೂ ಹೊತ್ತುಕೊಳ್ಳುತ್ತಿರುವ ಇನ್ನೊಂದು ಋಣವುಂಟು. ಅದು ಅನ್ನವಿತ್ತ ಮಣ್ಣಿನ ಋಣ. ಇದನ್ನು ಬರಿಯ ಕೃತಜ್ಞತೆಯ ಮಾತೆಂದು ತಿಳಿಯಬಾರದು. ತಕ್ಕಡಿಯಲ್ಲಿಟ್ಟು ತೂಗಬಹುದಾದ, ಖಾತೆಯಲ್ಲಿ ಜಮಾಖರ್ಚು ಬರೆಯಬಹುದಾದ ಸಾಲವಿದು. ಈ ಸಾಲದ ಲೆಕ್ಕವನ್ನು ಜಗತ್ತಿಗೆ ಮನಮುಟ್ಟುವಂತೆ ತಿಳಿಸಿಕೊಟ್ಟು, ಅದನ್ನು ತೀರಿಸದೆ ಬಾಳುವ ನಗರಗಳನ್ನು ಎಚ್ಚರಿಸಿದವನು ಜರ್ಮನಿಯ ರಸಾಯನ ಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್. ಆ ಮಹನೀಯನ ಜೀವನವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡಬೇಕೆಂದು ನಾವು ಬಯಸಿದ್ದೇವೆ.

ಲೀಬಿಗನು ೧೮೦೩ನೆಯ ಇಸವಿ ಮೇ ೧೨ರಂದು ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ಜನಿಸಿದನು. ಅವನ ತಂದೆ ಬಣ್ಣ, ಮೆರುಗೆಣ್ಣೆ, ಔಷಧದ್ರವ್ಯ ಮೊದಲಾದ ಸರಕುಗಳ ವ್ಯಾಪಾರಿ. ಮಾರುವ ಸರಕುಗಳಲ್ಲಿ ಕೆಲವನ್ನು ಆತನು ತನ್ನ ಕಾರ್ಯಾಗಾರದಲ್ಲಿ ತಾನೇ ಸಿದ್ಧಪಡಿಸುತ್ತಿದ್ದನು. ಕುದಿಯುವ ಎಣ್ಣೆ, ಕರಗುವ ಲವಣ, ಬದಲಾಗುವ ಬಣ್ಣ ಇವೇ ಬಾಲಕ ಲೀಬಿಗನ ಆಟದ ಸಾಮಾನುಗಳಾದವು. ಊರಿನ ರಾಜಗ್ರಂಥಾಲಯದಿಂದ ರಸಾಯನ ಶಾಸ್ತ್ರದ ಪುಸ್ತಕಗಳನ್ನು ತಂದು ಓದುವನು. ಓದಿದ್ದನ್ನು ತಂದೆಯ ಕಾರ್ಯಾಗಾರದಲ್ಲಿ ಮಾಡಿ ನೋಡುವನು. ಜಾತ್ರೆಗೆ ಬಂದ ಒಬ್ಬ ವ್ಯಾಪಾರಿ ಸಿಡಿಮದ್ದಿನ ಆಟಿಕೆಗಳಿಗಾಗಿ ಬೆಳ್ಳಿಯಿಂದ ಸ್ಫೋಟಕ ಲವಣವನ್ನು ತಯಾರಿಸುವುದನ್ನು ನೋಡುತ್ತ ನಿಂತ ಹುಡುಗನು, ಮನೆಗೆ ಬಂದು ಅದನ್ನೂ ಮಾಡಲು ಕಲಿತನು.

ಶಾಲೆಯಲ್ಲಿ ಮಾತ್ರ ಅವನಿಗೆ ಹೆಸರು ಬರಲಿಲ್ಲ. ಅಂದಿನ ಶಾಲೆಗಳಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ಪಾಠವೇ ಪ್ರಧಾನ. ಕೇಳಿದ್ದನ್ನು ಬಾಯಿಪಾಠ ಮಾಡುವ ಶಕ್ತಿ ಅವನಿಗಿರಲಿಲ್ಲ. ಒಮ್ಮೆ ಗುರುಗಳು ಅವನ ಸೋಮಾರಿತನವನ್ನು ಹಳಿದು, ಮುಂದೆ ಏನಾಗುವೆಯೆಂದು ಕೇಳಿದಾಗ, ತಾನು ರಸಾಯನ ಶಾಸ್ತ್ರಜ್ಞನಾಗುವೆನೆಂದು ಹುಡುಗನು ಉತ್ತರಿಸಿದನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ರಸಾಯನ ಶಾಸ್ತ್ರವನ್ನೇ ಕಸುಬಾಗಿ ಮಾಡಿಕೊಂಡು ಬದುಕಬಹುದೆಂಬುದು ಆ ಕಾಲದಲ್ಲಿ ಯಾರಿಗೂ ತೋರುತ್ತಿರಲಿಲ್ಲ.

ಅವನಿಗೆ ೧೩ ವರ್ಷವಾಗಿದ್ದಾಗ ಯುರೋಪಿನಲ್ಲಿ ಬೇಸಗೆಯೇ ಬರಲಿಲ್ಲ. ೧೮೧೫ರಲ್ಲಿ ಇಂಡೋನೇಷ್ಯದ ತಂಬೋರ ಜ್ವಾಲಾಮುಖಿ ಸಿಡಿದು, ಅದರಿಂದ ಆಕಾಶಕ್ಕೇರಿದ ಧೂಮವು ಬಿಸಿಲನ್ನು ತಡೆಯಿತು. ೧೮೧೬ರಲ್ಲಿ ಎಡೆಬಿಡದ ಮಳೆ ಮತ್ತು ಚಳಿಗೆ ಪೈರು ಕೊಳೆಯಿತು. ಮರುವರ್ಷ ಜರ್ಮನಿಯಲ್ಲಿ ಕ್ಷಾಮ ತಲೆದೋರಿತು. ಹಸಿವೆಂಬುದು ಎಂಥ ಶತ್ರುವೆಂದು ಆ ಪೀಳಿಗೆಯ ಮಕ್ಕಳು ಕಣ್ಣಾರೆ ಕಂಡರು.

ಶಾಲೆ ಬಿಟ್ಟ ಲೀಬಿಗನನ್ನು ತಂದೆಯು ಹೆಪ್ಪನ್‌ಹೈಮ್ ಎಂಬ ಊರಿನ ಔಷಧ ವ್ಯಾಪಾರಿಯ ಬಳಿ ಕೆಲಸ ಕಲಿಯಲು ಬಿಟ್ಟನು. ಅಲ್ಲಿ ಅವನು ನಿಂತದ್ದು ಒಂದು ವರ್ಷಕ್ಕಿಂತ ಕಡಮೆ. ಅಟ್ಟದ ಮೇಲೆ ಪ್ರಯೋಗ ಮಾಡಹೋಗಿ ಸ್ಫೋಟವಾಗಿ ಮನೆಯ ಮಾಡು ಹಾರಿದ್ದರಿಂದ ಅವನನ್ನು ಹೊರಗೆ ಹಾಕಿದರೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ತಂದೆಗೆ ಶುಲ್ಕ ಕಟ್ಟಲು ಶಕ್ತಿಯಿರಲಿಲ್ಲವೆಂಬುದೇ ನಿಜವಾದ ಕಾರಣವಿರಬೇಕೆಂದು ಇತ್ತೀಚಿನ ಚರಿತ್ರಕಾರರು ಹೇಳುತ್ತಾರೆ. ಬಡತನವು ಪ್ರತಿಭೆಯ ದಾರಿಗೆ ಅಡ್ಡಬರುವುದು ಎಲ್ಲ ದೇಶಗಳಲ್ಲಿಯೂ ಇದ್ದದ್ದೇ.

ಆದರೂ ೧೮೨೦ರಲ್ಲಿ ಅವನು ಬಾನ್ ವಿಶ್ವವಿದ್ಯಾನಿಲಯವನ್ನು ಸೇರಿ, ಪ್ರಾಧ್ಯಾಪಕ ಕಾಸ್ಟ್‌ನರನ ಶಿಷ್ಯನಾದನು. ಗುರುವು ಎರ್ಲಾಂಗೆನ್ನಿಗೆ ಹೋದಾಗ ತಾನೂ ಹಿಂಬಾಲಿಸಿದನು. ಅಲ್ಲಿ ಉಪನ್ಯಾಸಗಳಿಗೆ ಕೊರತೆಯಿರಲಿಲ್ಲ. ಆದರೆ ಕೈಯಿಂದ ಮಾಡಿ ಕಲಿಯಲು ಪ್ರಯೋಗಶಾಲೆಯ ಅನುಕೂಲವಿರಲಿಲ್ಲ. ಹೆಸ್ಸೆ ಸಂಸ್ಥಾನದ ದೊರೆಯ ಧನಸಹಾಯದಿಂದ ೧೮೨೨ರಲ್ಲಿ ಪ್ಯಾರಿಸ್ಸಿಗೆ ತೆರಳಿದ ಮೇಲೆ ಅವನ ಹಂಬಲ ಈಡೇರಿತು. ಸುಪ್ರಸಿದ್ಧ ವಿದ್ವಾಂಸ ಹುಂಬೋಲ್ಟನು ಈ ತರುಣನ ಯೋಗ್ಯತೆಯನ್ನು ಮೆಚ್ಚಿದನು. ಆತನ ಶಿಫಾರಸಿನಿಂದ ಗೇಲುಸಾಕ್ ಎಂಬ ಮಹಾವಿಜ್ಞಾನಿಯ ಖಾಸಗಿ ಪ್ರಯೋಗಶಾಲೆಯ ಬಾಗಿಲು ಅವನಿಗೆ ತೆರೆಯಿತು. ಜಾತ್ರೆಯಲ್ಲಿ ಕಲಿತ ಸಿಡಿಮದ್ದಿನ ಲವಣಗಳನ್ನೇ ಅವನು ಅಲ್ಲಿ ಶಾಸ್ತ್ರೀಯವಾಗಿ ಪರಿಶೋಧಿಸಿ ಕೀರ್ತಿ ಪಡೆದನು. ೧೮೨೪ರಲ್ಲಿ, ಕೇವಲ ೨೧ನೆಯ ವಯಸ್ಸಿನಲ್ಲಿ, ಗೀಸೆನ್ ಎಂಬ ಸಣ್ಣ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿ ನೇಮಿತನಾದನು.

ಗೀಸೆನ್ನಿನಲ್ಲಿ ಅವನಿಗೆ ದೊರೆತ ಪ್ರಯೋಗಶಾಲೆಯೆಂದರೆ ಸೈನಿಕರು ಬಿಟ್ಟುಹೋದ ಬಿಡಾರದ ಒಂದು ಕಾವಲುಮನೆ. ಆ ಇಕ್ಕಟ್ಟಿನ ಕಟ್ಟಡದಲ್ಲಿ ಲೀಬಿಗನು ಒಂದು ಹೊಸ ವಿದ್ಯಾಪದ್ಧತಿಯನ್ನೇ ಕಟ್ಟಿದನು. ಗುರುವು ಹೇಳುವುದು, ಶಿಷ್ಯನು ಕೇಳುವುದು ಎಂಬ ಹಳೆಯ ರೂಢಿಯನ್ನು ಬಿಟ್ಟು, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೈಯಿಂದ ಪ್ರಯೋಗ ಮಾಡಿ, ಕಡೆಗೆ ಸ್ವಂತ ಸಂಶೋಧನೆಯಲ್ಲಿ ತೊಡಗುವಂತೆ ಮಾಡಿದನು. ಇಂದು ನಮ್ಮ ಶಾಲೆಗಳಲ್ಲಿ ವಿದ್ಯಾರ್ಥಿಗಳು ಪರೀಕ್ಷಾನಳಿಕೆ ಹಿಡಿದು ನಿಲ್ಲುತ್ತಾರಲ್ಲವೆ? ಆ ಸೌಭಾಗ್ಯದ ಮೂಲಗಳಲ್ಲಿ ಗೀಸೆನ್ನಿನ ಆ ಕಾವಲುಮನೆಯೂ ಒಂದು. ೧೮೩೧ರಲ್ಲಿ ಅವನು ಐದು ಗಾಜಿನ ಬುಗುಟುಗಳಿಂದ ಕೂಡಿದ ಒಂದು ಪುಟ್ಟ ಉಪಕರಣವನ್ನು ರಚಿಸಿದನು. ಪರೀಕ್ಷಿಸಬೇಕಾದ ವಸ್ತುವನ್ನು ಸುಟ್ಟಾಗ ಹೊರಡುವ ಇಂಗಾಲಾಮ್ಲ ವಾಯುವನ್ನು ಆ ಬುಗುಟುಗಳೊಳಗಿನ ಪೊಟ್ಯಾಷ್ ದ್ರಾವಣವು ಹೀರಿಕೊಳ್ಳುವುದು. ಉಪಕರಣದ ತೂಕ ಎಷ್ಟು ಏರಿತೆಂದು ನೋಡಿದರೆ, ವಸ್ತುವಿನಲ್ಲಿದ್ದ ಇಂಗಾಲ ಎಷ್ಟೆಂದು ತಿಳಿಯುವುದು. ಹಿಂದೆ ನುರಿತವರೂ ಬಹು ದಿನಗಳ ಕಾಲ ಹೆಣಗಬೇಕಾಗಿದ್ದ ಕೆಲಸವನ್ನು ವಿದ್ಯಾರ್ಥಿಗಳು ಸುಲಭವಾಗಿ ಮಾಡಲಾರಂಭಿಸಿದರು. ಇಂಗ್ಲೆಂಡ್, ಫ್ರಾನ್ಸ್, ಅಮೆರಿಕಗಳಿಂದಲೂ ಶಿಷ್ಯರು ಬಂದರು. ಹಾಫ್‌ಮನ್, ಕೆಕುಲೆ, ಫ್ರಾಂಕ್‌ಲೆಂಡ್‌ರಂಥ ಮುಂದಿನ ಪೀಳಿಗೆಯ ಮಹಾರಥರೆಲ್ಲ ಆ ಗರಡಿಯಲ್ಲಿ ಪಳಗಿದವರೇ.

ಹೀಗೆ ತೂಗುವ ಕಲೆಯಲ್ಲಿ ಸಿದ್ಧಹಸ್ತನಾದ ಲೀಬಿಗನು ತನ್ನ ತಕ್ಕಡಿಯನ್ನು ಹೊಲದ ಕಡೆಗೆ ತಿರುಗಿಸಿದನು. ಗಿಡಗಳು ಮಣ್ಣಿನಲ್ಲಿ ಕೊಳೆತಿರುವ ಸಸ್ಯಾಂಶವನ್ನೇ ತಿಂದು ಬದುಕುತ್ತವೆಯೆಂದು ಅಂದಿನ ಬಹುಮಂದಿ ಪಂಡಿತರು ನಂಬಿದ್ದರು. ೧೮೪೦ರಲ್ಲಿ ಪ್ರಕಟವಾದ, ವ್ಯವಸಾಯಕ್ಕೆ ರಸಾಯನ ಶಾಸ್ತ್ರದ ಅನ್ವಯವನ್ನು ಕುರಿತ ತನ್ನ ಗ್ರಂಥದಲ್ಲಿ ಲೀಬಿಗನು ಈ ಮತವನ್ನು ಖಂಡಿಸಿದನು. ಗಿಡಗಳು ಇಂಗಾಲವನ್ನು ಗಾಳಿಯಿಂದ ಪಡೆಯುತ್ತವೆ. ರಂಜಕ, ಪೊಟ್ಯಾಷ್, ಸುಣ್ಣ ಮೊದಲಾದ ಖನಿಜಾಂಶಗಳನ್ನು ಮಣ್ಣಿನಿಂದ ಹೀರುತ್ತವೆ. ಬೆಳೆಯನ್ನು ಕೊಯ್ದು ಹೊರಗೆ ಸಾಗಿಸಿದಾಗಲೆಲ್ಲ ಆ ಖನಿಜಾಂಶಗಳೂ ಹೊಲವನ್ನು ಬಿಟ್ಟು ಹೋಗುತ್ತವೆ. ಹೋದಷ್ಟನ್ನು ಮರಳಿ ಕೊಡದಿದ್ದರೆ ಹೊಲವು ಬಡವಾಗುತ್ತದೆ. ಇದು ಅವನ ವಾದದ ಸಾರ. ಗಿಡಕ್ಕೆ ಬೇಕಾದ ಅಂಶಗಳಲ್ಲಿ ಯಾವುದು ಅತ್ಯಂತ ಕೊರತೆಯಾಗಿದೆಯೋ ಅದೇ ಬೆಳೆಯ ಪ್ರಮಾಣವನ್ನು ನಿರ್ಧರಿಸುತ್ತದೆಂಬ ನಿಯಮವೂ ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಒಂದು ಪೀಪಾಯಿಯ ಹಲಗೆಗಳಲ್ಲಿ ಒಂದು ಮೋಟಾಗಿದ್ದರೆ, ಮಿಕ್ಕವು ಎಷ್ಟೇ ಎತ್ತರವಿದ್ದರೂ ನೀರು ಆ ಮೋಟು ಹಲಗೆಯ ಮಟ್ಟಕ್ಕೇ ನಿಲ್ಲುವಂತೆ ಇದೆಂದು ನಂತರದವರು ವಿವರಿಸಿದರು. ನ್ಯಾಯವಾಗಿ ಹೇಳುವುದಾದರೆ, ಈ ವಿಚಾರವನ್ನು ೧೮೨೮ರಷ್ಟು ಹಿಂದೆಯೇ ಕಾರ್ಲ್ ಸ್ಪ್ರೆಂಗೆಲ್ ಎಂಬ ಜರ್ಮನ್ ವಿದ್ವಾಂಸನು ತಿಳಿಸಿದ್ದನು. ಅದನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿ ಲೀಬಿಗನದು.

ಈ ಅಂಶಗಳಲ್ಲಿ ರಂಜಕದ ವಿಚಾರವನ್ನು ನಾವು ವಿಶೇಷವಾಗಿ ಗಮನಿಸಬೇಕು. ೧೬೬೯ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಎಂಬವನು ಚಿನ್ನವನ್ನು ಮಾಡುವ ಆಸೆಯಿಂದ ಮೂತ್ರವನ್ನು ಬತ್ತಿಸಿ ಕಾಯಿಸುತ್ತಿದ್ದಾಗ, ಕತ್ತಲಲ್ಲಿ ಹೊಳೆಯುವ ಈ ವಸ್ತು ಅಕಸ್ಮಾತ್ತಾಗಿ ಸಿಕ್ಕಿತು. ನಮ್ಮ ದೇಹದಲ್ಲಿ ಸುಮಾರು ೭೦೦ ಗ್ರಾಂ ರಂಜಕವಿದೆ. ಅದರ ನೂರಕ್ಕೆ ೮೫ ಭಾಗ ಎಲುಬು ಮತ್ತು ಹಲ್ಲುಗಳಲ್ಲಿದೆ. ಬೀಜ ಬಲಿಯಬೇಕಾದರೆ, ಬೇರು ಹರಡಬೇಕಾದರೆ ಗಿಡಕ್ಕೂ ರಂಜಕ ಬೇಕು. ಒಂದು ಕ್ವಿಂಟಲ್ ಜೋಳ ಹೊಲವನ್ನು ಬಿಟ್ಟು ಪೇಟೆಗೆ ಹೋದರೆ, ಅದರೊಡನೆ ಸುಮಾರು ೩೦೦ ಗ್ರಾಂ ರಂಜಕವೂ ಗಾಡಿಯೇರಿ ಹೋಗುತ್ತದೆ. ಸಾರಜನಕವಾದರೆ ಗಾಳಿಯಲ್ಲಿ ಅಪಾರವಾಗಿದೆ. ದ್ವಿದಳ ಧಾನ್ಯದ ಗಿಡಗಳ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಅದನ್ನು ಹಿಡಿದು ಕೊಡುತ್ತವೆ. ರಂಜಕಕ್ಕೆ ಗಾಳಿಯಲ್ಲಿ ಅಂಥ ಉಗ್ರಾಣವಿಲ್ಲ. ಅದರ ಕೆಲಸವನ್ನು ಮಾಡಬಲ್ಲ ಬೇರೊಂದು ವಸ್ತುವೂ ಇಲ್ಲ.

ಎಲುಬಿನ ಪುಡಿ ಒಳ್ಳೆಯ ಗೊಬ್ಬರವೆಂಬುದು ಇಂಗ್ಲೆಂಡಿನ ರೈತರಿಗೆ ಮೊದಲೇ ತಿಳಿದಿತ್ತು. ಆದರೆ ಎಲುಬಿನಲ್ಲಿರುವ ರಂಜಕವು ನೀರಿನಲ್ಲಿ ಬೇಗನೆ ಕರಗುವುದಿಲ್ಲ. ಎಲುಬಿನ ಮೇಲೆ ಗಂಧಕಾಮ್ಲವನ್ನು ಹಾಕಿದರೆ ಅದು ಕರಗುವ ರೂಪಕ್ಕೆ ಬರುವುದೆಂದು ಲೀಬಿಗನು ೧೮೪೦ರ ಗ್ರಂಥದಲ್ಲಿ ಸೂಚಿಸಿದನು. ಅದೇ ಕಾಲದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಜಾನ್ ಬೆನೆಟ್ ಲಾಸ್ ಎಂಬ ಜಮೀನುದಾರನು ಇಂಥ ಪ್ರಯೋಗಗಳನ್ನು ತನ್ನ ಹೊಲದಲ್ಲಿ ನಡೆಸುತ್ತಿದ್ದನು. ಎಲುಬಿಗೆ ಮಾತ್ರವಲ್ಲದೆ ನೆಲದಲ್ಲಿ ಸಿಕ್ಕುವ ರಂಜಕಶಿಲೆಗೂ ಈ ವಿಧಾನ ಸಲ್ಲುವುದೆಂದು ಕಂಡು, ೧೮೪೨ರಲ್ಲಿ ಆತನು ಅದರ ಹಕ್ಕನ್ನು ಪಡೆದನು. ಸೂಪರ್ ಫಾಸ್ಫೇಟ್ ಎಂಬ ಗೊಬ್ಬರವು ಹೀಗೆ ಹುಟ್ಟಿತು.

ಲೀಬಿಗನೂ ತನ್ನದೇ ಆದ ಗೊಬ್ಬರವೊಂದನ್ನು ಪೇಟೆಗೆ ತರಲು ಹೊರಟನು. ಇಲ್ಲಿ ಅವನ ಬಾಳಿನ ದೊಡ್ಡ ಸೋಲು ಕಾದಿತ್ತು. ಕರಗುವ ಗೊಬ್ಬರವನ್ನು ಮಳೆಯು ತೊಳೆದುಕೊಂಡು ಹೋದೀತೆಂದು ಶಂಕಿಸಿ, ಖನಿಜಗಳನ್ನೆಲ್ಲ ಕುಲುಮೆಯಲ್ಲಿ ಕರಗಿಸಿ ಬೆರೆಸಿ, ನೀರಿಗೆ ಸುಲಭವಾಗಿ ಕರಗದಂತೆ ಮಾಡಿದನು. ೧೮೪೫ರಲ್ಲಿ ಇಂಗ್ಲೆಂಡಿನಲ್ಲಿ ಅದರ ತಯಾರಿಕೆ ಮೊದಲಾಯಿತು. ರೈತರು ಕೊಂಡು ಹಾಕಿದರು, ಬೆಳೆ ಏಳಲಿಲ್ಲ. ಗಾಜಿನಂತೆ ಗಟ್ಟಿಯಾದ ಗೊಬ್ಬರವನ್ನು ಬೇರು ಹೇಗೆ ಹೀರೀತು? ಲೋಕವು ನಕ್ಕಿತು. ಗಿಡಗಳಿಗೆ ಬೇಕಾದ ಸಾರಜನಕವು ಮಳೆಗಾಳಿಗಳಿಂದಲೇ ಸಾಕಷ್ಟು ಒದಗುವುದೆಂಬ ಅವನ ಮತವನ್ನೂ ಲಾಸ್ ಮತ್ತು ಲೀಬಿಗನ ಶಿಷ್ಯನೇ ಆಗಿದ್ದ ಗಿಲ್ಬರ್ಟ್ ಇಬ್ಬರೂ ರಾಥಮ್‌ಸ್ಟೆಡ್ಡಿನ ಹೊಲಗಳಲ್ಲಿ ಅಳೆದು ನೋಡಿ ತಳ್ಳಿಹಾಕಿದರು. ಲೀಬಿಗನು ಸ್ವಭಾವತಃ ಮುಂಗೋಪಿ, ಹಟವಾದಿ. ಈ ವಾಗ್ವಾದವು ವರ್ಷಗಟ್ಟಲೆ ನಡೆಯಿತು. ಅದರಲ್ಲಿ ಅವನ ಕೈ ಮೇಲಾಗಲಿಲ್ಲ.

ಗೊಬ್ಬರದ ಸೋಲಿನ ಕಾರಣವನ್ನು ಮಾತ್ರ ಅವನು ಹುಡುಕದೆ ಬಿಡಲಿಲ್ಲ. ಗೀಸೆನ್ನಿನ ಹತ್ತಿರ ಮರಳುನೆಲವನ್ನು ಕೊಂಡು ಸ್ವತಃ ಬೇಸಾಯ ಮಾಡಿ ನೋಡಿದನು. ಈ ಮಧ್ಯೆ, ೧೮೫೦ರ ಸುಮಾರಿನಲ್ಲಿ, ಥಾಮ್ಸನ್ ಮತ್ತು ವೇ ಎಂಬ ಇಂಗ್ಲಿಷ್ ಸಂಶೋಧಕರು ಮಣ್ಣಿನ ಒಂದು ಅದ್ಭುತ ಗುಣವನ್ನು ಪ್ರಕಟಿಸಿದರು. ಗೊಬ್ಬರದ ನೀರನ್ನು ಮಣ್ಣಿನ ಮೂಲಕ ಇಳಿಸಿದರೆ, ಅದರಲ್ಲಿರುವ ಅಮೋನಿಯ, ಪೊಟ್ಯಾಷ್ ಮೊದಲಾದ ಸಾರಗಳನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ರಂಜಕವನ್ನಂತೂ ಅದು ಬಲವಾಗಿಯೇ ಹಿಡಿಯುತ್ತದೆ. ಮಳೆಗೆ ಹೆದರಿ ಲೀಬಿಗನು ಮಾಡಿದ ಏರ್ಪಾಡು ಅನಾವಶ್ಯಕವಾಗಿತ್ತು. ೧೮೬೨ರಲ್ಲಿ ತನ್ನ ಗ್ರಂಥದ ಹೊಸ ಆವೃತ್ತಿಯನ್ನು ಹೊರತಂದಾಗ, ಸೃಷ್ಟಿಕರ್ತನ ವ್ಯವಸ್ಥೆಯಲ್ಲಿ ಕೊರತೆಯಿದೆಯೆಂದು ಭಾವಿಸಿ ತಿದ್ದಲು ಹೋದುದು ತನ್ನ ಅಪರಾಧವೆಂದು, ಅದಕ್ಕೆ ತಕ್ಕ ದಂಡನೆಯೂ ತನಗಾಯಿತೆಂದು, ಆ ವೃದ್ಧನು ಎಲ್ಲರೂ ಓದುವಂತೆ ಬರೆದನು. ಪಂಡಿತರು ತಪ್ಪುವುದು ಅಪೂರ್ವವಲ್ಲ. ತಪ್ಪಿದೆನೆಂದು ತಮ್ಮ ಗ್ರಂಥದಲ್ಲಿಯೇ ಅಚ್ಚು ಹಾಕಿಸುವುದು ಅಪೂರ್ವ.

ಅಷ್ಟರಲ್ಲಿ ಲೀಬಿಗನು ಗೀಸೆನ್ನನ್ನು ಬಿಟ್ಟು, ಬವೇರಿಯದ ದೊರೆ ಎರಡನೆಯ ಮ್ಯಾಕ್ಸಿಮಿಲಿಯನ್ನನ ಆಹ್ವಾನದಂತೆ ೧೮೫೨ರಲ್ಲಿ ಮ್ಯೂನಿಕ್ಕಿಗೆ ಬಂದಿದ್ದನು. ಅವನ ದೃಷ್ಟಿ ಈಗ ಗೊಬ್ಬರದ ಮೂಟೆಯಿಂದ ಮೇಲೆದ್ದು, ಹಳ್ಳಿ ಮತ್ತು ನಗರಗಳ ಸಂಬಂಧದ ಕಡೆಗೆ ಹರಿಯಿತು. ಹಳ್ಳಿಯ ಧಾನ್ಯ ಮಾಂಸಗಳೆಲ್ಲ ಲಂಡನ್ನಿನಂಥ ಮಹಾನಗರಕ್ಕೆ ಹರಿದುಬರುತ್ತವೆ. ನಗರವು ಉಂಡದ್ದು ಚರಂಡಿಯ ಮೂಲಕ ನದಿಗೆ, ನದಿಯಿಂದ ಸಮುದ್ರಕ್ಕೆ ಸೇರುತ್ತದೆ. ಹೊಲಕ್ಕೆ ಮರಳುವುದೇನೂ ಇಲ್ಲ. ಈ ಬಗೆಯ ಬೇಸಾಯವನ್ನು ಲೀಬಿಗನು ಕೊಳ್ಳೆಯ ಬೇಸಾಯವೆಂದೇ ಕರೆದನು. ಇಂಗ್ಲೆಂಡು ತನ್ನ ಹೊಲಗಳಿಗಾಗಿ ಲೈಪ್ಜಿಗ್, ವಾಟರ್‌ಲೂ, ಕ್ರಿಮಿಯಗಳ ರಣಭೂಮಿಗಳ ಎಲುಬುಗಳನ್ನೂ ಬಿಡದೆ ಹೊತ್ತೊಯ್ಯುತ್ತಿದೆಯೆಂದು ಆರೋಪಿಸಿದನು. ಪೆರು ದೇಶದ ದ್ವೀಪಗಳಲ್ಲಿ ಸಾವಿರಾರು ವರ್ಷಗಳಿಂದ ಕೂಡಿಬಿದ್ದಿದ್ದ ಹಕ್ಕಿಗಳ ಹಿಕ್ಕೆಯನ್ನು ಹಡಗುಗಟ್ಟಲೆ ತರಿಸುತ್ತಿದ್ದುದನ್ನು ಕಂಡು, ಇದು ಎಷ್ಟು ದಿನ ನಡೆದೀತೆಂದು ಪ್ರಶ್ನಿಸಿದನು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮಲ್ಲಿ ಹೇಳುವುದಿಲ್ಲವೆ? ಪುರಾತನ ರೋಮ್ ನಗರದ ದೊಡ್ಡ ಚರಂಡಿಯು ಅಲ್ಲಿನ ರೈತರ ಭಾಗ್ಯವನ್ನು ನುಂಗಿತೆಂಬುದೂ, ಚೀನ ಜಪಾನುಗಳ ರೈತರು ಊರಿನ ಹೊಲಸನ್ನು ಹೊಲಕ್ಕೆ ಮರಳಿಸಿ ಮಣ್ಣಿನ ಸತ್ತ್ವವನ್ನು ಕಾಯ್ದುಕೊಂಡರೆಂಬುದೂ ಅವನು ಕೊಟ್ಟ ನಿದರ್ಶನಗಳು.

೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿ ನಾರಿ ಪಾರ್ಲಿಮೆಂಟಿನ ಸಭೆಗೂ ಕಂಟಕವಾಯಿತು. ಲಂಡನ್ನಿಗೆ ಹೊಸ ಒಳಚರಂಡಿಗಳನ್ನು ಕಟ್ಟುವ ಕೆಲಸ ಮೊದಲಾದಾಗ, ಆ ಕೊಳಚೆಯಲ್ಲಿರುವ ಸಾರವನ್ನು ಹೊಲಕ್ಕೆ ಸಾಗಿಸಬೇಕೆಂದು ಲೀಬಿಗನು ಪತ್ರಗಳ ಮೂಲಕ ಒತ್ತಾಯಿಸಿದನು. ಚರಂಡಿಗಳು ಕಟ್ಟಿ ಮುಗಿದವು. ಕೊಳಚೆಯು ನಗರದ ಕೆಳಗಡೆ ಥೇಮ್ಸ್ ನದಿಗೇ ಬಿತ್ತು. ಕಾಲರಾ ಹಿಂದೆ ಸರಿದು ಲಂಡನ್ನಿನ ಜನ ಬದುಕಿಕೊಂಡರೆಂಬುದು ನಿಜ. ಅದು ಸಣ್ಣ ಉಪಕಾರವಲ್ಲ. ಆದರೆ ಹೊಲದ ಸಾಲ ಹಾಗೆಯೇ ಉಳಿಯಿತು. ಎಲುಬಿಗೂ ಹಿಕ್ಕೆಗೂ ಬದಲಾಗಿ ನೆಲದೊಳಗಿನ ರಂಜಕಶಿಲೆ ಹೇರಳವಾಗಿ ದೊರೆಯತೊಡಗಿದಾಗ, ಅಗೆದು ತಂದು ಹೊಲಕ್ಕೆ ಹಾಕುವುದೇ ಸುಲಭವೆಂದು ಲೋಕವು ಲೀಬಿಗನ ಎಚ್ಚರಿಕೆಯನ್ನು ಮರೆಯಿತು. ರಸಗೊಬ್ಬರದ ದಾರಿಯನ್ನು ತೆರೆದವರಲ್ಲಿ ಅವನೂ ಒಬ್ಬನೆಂಬುದು ವಿಧಿಯ ವಿನೋದವೇ ಸರಿ.

ಅವನ ಇತರ ಕಾರ್ಯಗಳು ಹಲವು. ವ್ಯೋಲರನೆಂಬ ಆಪ್ತಮಿತ್ರನೊಡನೆ ನಡೆಸಿದ ಸಂಶೋಧನೆಗಳು ಸಾವಯವ ರಸಾಯನ ಶಾಸ್ತ್ರಕ್ಕೆ ತಳಹದಿಯಾದವು. ಗಾಜಿಗೆ ಬೆಳ್ಳಿಯ ಲೇಪ ಕೊಟ್ಟು ಕನ್ನಡಿ ಮಾಡುವ ವಿಧಾನ, ಮಾಂಸದ ಸಾರ, ಶಿಶುಗಳ ಆಹಾರ ಮೊದಲಾದವುಗಳಲ್ಲಿಯೂ ಅವನ ಹೆಸರು ನಿಂತಿದೆ. ೧೮೭೩ನೆಯ ಏಪ್ರಿಲ್ ೧೮ರಂದು ತನ್ನ ೬೯ನೆಯ ವಯಸ್ಸಿನಲ್ಲಿ ಲೀಬಿಗನು ಮ್ಯೂನಿಕ್ಕಿನಲ್ಲಿ ಕಾಲವಶನಾದನು. ಗೀಸೆನ್ನಿನ ವಿಶ್ವವಿದ್ಯಾನಿಲಯವು ಇಂದು ಅವನ ಹೆಸರನ್ನೇ ಹೊತ್ತಿದೆ. ಅವನ ಪ್ರಯೋಗಶಾಲೆಯು ವಸ್ತುಸಂಗ್ರಹಾಲಯವಾಗಿದೆ.

ಅವನು ತೀರಿಕೊಂಡು ಒಂದೂವರೆ ಶತಮಾನ ಕಳೆದ ಮೇಲೆ ಲೋಕಕ್ಕೆ ಅವನ ಮಾತು ಮತ್ತೆ ನೆನಪಾಗಿದೆ. ಜಗತ್ತಿನ ತಿಳಿದ ರಂಜಕಶಿಲೆಯ ನಿಕ್ಷೇಪದಲ್ಲಿ ನೂರಕ್ಕೆ ಸುಮಾರು ೭೦ ಭಾಗ ಮೊರಾಕ್ಕೊ ಮತ್ತು ಪಶ್ಚಿಮ ಸಹಾರ ಪ್ರದೇಶದಲ್ಲಿದೆ. ನಮ್ಮ ಭಾರತವು ತನಗೆ ಬೇಕಾದ ರಂಜಕಶಿಲೆಯ ಬಹುಪಾಲನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಹೀಗೆ ದುಡ್ಡು ತೆತ್ತು ತಂದ ರಂಜಕವೇ ಹೊಲದ ಮಣ್ಣಿನೊಡನೆ ಕೊಚ್ಚಿಹೋಗಿ, ಊರ ಕೊಳಚೆಯೊಡನೆ ಹರಿದು, ಕೆರೆಗಳನ್ನು ಸೇರಿದಾಗ ಅಲ್ಲಿ ವಿಷವಾಗುತ್ತದೆ. ಅದನ್ನುಂಡು ಪಾಚಿಯೂ ಕಳೆಯೂ ಮಿತಿಮೀರಿ ಬೆಳೆಯುತ್ತವೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ತೀರಿ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ನಮ್ಮ ಕನ್ನಡನಾಡಿನ ರಾಜಧಾನಿಯ ಬೆಳ್ಳಂದೂರು ಕೆರೆಯು ಊರಿನ ಕೊಳಚೆಯಿಂದಲೂ ಸಾಬೂನುಪುಡಿಗಳ ನೀರಿನಿಂದಲೂ ನೊರೆಗಟ್ಟಿ, ೨೦೧೫ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿದ ಸುದ್ದಿಯನ್ನು ದೇಶವೆಲ್ಲ ಕೇಳಿ ಬೆರಗಾಯಿತು. ಹೊಲದಲ್ಲಿ ಅಮೃತವಾಗಬೇಕಾದುದು ಕೆರೆಯಲ್ಲಿ ಹಾಲಾಹಲವಾಯಿತು.

ಲೀಬಿಗನ ನಾಡಾದ ಜರ್ಮನಿಯು ೨೦೧೭ರಲ್ಲಿ ಒಂದು ಶಾಸನವನ್ನು ಮಾಡಿತು. ಅದರಂತೆ ದೊಡ್ಡ ನಗರಗಳ ಕೊಳಚೆ ಶುದ್ಧೀಕರಣ ಕೇಂದ್ರಗಳು ೨೦೨೯ರಿಂದ ಕೊಳಚೆಯ ಕೆಸರಿನಲ್ಲಿರುವ ರಂಜಕವನ್ನು ಮರಳಿ ಸಂಪಾದಿಸಬೇಕು. ಕೊಳಚೆ ನೀರಿಗೆ ಮೆಗ್ನೀಸಿಯಂ ಸೇರಿಸಿ ರಂಜಕವನ್ನು ಹರಳುರೂಪದ ಗೊಬ್ಬರವಾಗಿ ಬೇರ್ಪಡಿಸುವ ವಿಧಾನ ಹಲವು ದೇಶಗಳಲ್ಲಿ ಆಚರಣೆಗೆ ಬಂದಿದೆ. ರೋಗಾಣುಗಳನ್ನೂ ವಿಷಲೋಹಗಳನ್ನೂ ಕಳೆದು ಸಾರವನ್ನು ಮಾತ್ರ ಹೊಲಕ್ಕೆ ಕೊಡುವ ಈ ಉಪಾಯ ಲೀಬಿಗನ ಕಾಲದಲ್ಲಿರಲಿಲ್ಲ.

ವಿದ್ಯಾರ್ಥಿಗಳೇ, ಈ ಮುಂಬಯಿ ಮಹಾನಗರದಲ್ಲಿ ಹುಟ್ಟಿ ಬೆಳೆಯುತ್ತಿರುವ ನಿಮ್ಮಲ್ಲಿ ಅನೇಕರು ಹೊಲವನ್ನು ಕಾಣುವುದು ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಮಾತ್ರ. ಆದರೆ ನಿಮ್ಮ ಎಲುಬಿನಲ್ಲಿರುವ ರಂಜಕದ ಒಂದೊಂದು ಕಣವೂ ಯಾವುದೋ ಹೊಲದಿಂದ ಬಂದದ್ದು. ವಿಜಾಪುರದ ಎರೆಮಣ್ಣಿನ ಜೋಳ, ಕರಾವಳಿಯ ಕುಚ್ಚಲಕ್ಕಿ, ಪಂಜಾಬಿನ ಗೋಧಿ ಎಲ್ಲವೂ ಈ ನಗರಕ್ಕೆ ಬರುತ್ತವೆ. ನಾವು ಉಂಡ ರಂಜಕದ ಹೆಚ್ಚುಭಾಗ ಇಲ್ಲಿಂದ ಸಮುದ್ರಕ್ಕೆ ಹರಿದು ಹೋಗುತ್ತದೆ. ನಮ್ಮವರು ಊರು ಬಿಟ್ಟು ಬಂದು, ದುಡಿದ ಹಣದಲ್ಲಿ ಒಂದಂಶವನ್ನು ತಿಂಗಳು ತಿಂಗಳು ಊರಿಗೆ ಕಳುಹಿಸುತ್ತಾರೆ. ಊರಿನ ಮಣ್ಣಿಗೆ ಸಲ್ಲಬೇಕಾದ ಅಂಶವನ್ನು ಕಳುಹಿಸುವ ದಾರಿಯನ್ನು ಇನ್ನೂ ಯಾರೂ ಪೂರ್ತಿಯಾಗಿ ಕಟ್ಟಿಲ್ಲ. ಅಡಿಗೆಮನೆಯ ಸಿಪ್ಪೆಯನ್ನು ಬೇರೆಯಾಗಿ ಕೂಡಿಟ್ಟು ಗೊಬ್ಬರ ಮಾಡುವುದು, ತಟ್ಟೆಯಲ್ಲಿ ಅನ್ನ ಬಿಡದಿರುವುದು ಇವು ಇಂದೇ ನಿಮ್ಮ ಕೈಯಲ್ಲಾಗುವ ಕೆಲಸಗಳು. ಮಿಕ್ಕ ದೊಡ್ಡ ಕೆಲಸಕ್ಕೆ ರಸಾಯನ ಶಾಸ್ತ್ರವನ್ನೂ ಯಂತ್ರಶಾಸ್ತ್ರವನ್ನೂ ಬಲ್ಲ ತರುಣರು ಬೇಕು. ಮುಂದೆ ಏನಾಗುವೆಯೆಂದು ಗುರುಗಳು ಕೇಳಿದಾಗ, ಮಣ್ಣಿನ ಸಾಲವನ್ನು ತೀರಿಸುವ ವಿದ್ಯೆಯನ್ನು ಕಲಿಯುವೆನೆಂದು ನಮ್ಮ ಶಾಲೆಯ ಒಬ್ಬ ಹುಡುಗನೋ ಹುಡುಗಿಯೋ ಎದ್ದು ನಿಂತು ಹೇಳಿದರೆ, ಈ ತರಗತಿಯು ನಗಲಾರದೆಂದು ನಾವು ನಂಬಿದ್ದೇವೆ.